ಬಣ್ಣದ ಹಕ್ಕಿಯೂ ಬಹುಮಾನದ ತೀರ್ಪೂ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೈತನಿಗೆ ಪ್ರಾಣಿಯ ಗುಣದೋಷಗಳನ್ನು ಕಣ್ಣಿನಿಂದಲೇ ತೂಗಿ ನೋಡುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ಮುಡುಕುತೊರೆಯ ಜಾತ್ರೆಯಲ್ಲಿ ಎತ್ತನ್ನು ಕೊಳ್ಳಹೋದವನು ಮೊದಲು ದೂರದಿಂದ ನಿಲುವನ್ನು ನೋಡುತ್ತಾನೆ. ಆಮೇಲೆ ಹತ್ತಿರ ಬಂದು ಕೊಂಬು, ಗೊರಸು, ಬಾಲ, ಹಲ್ಲು, ಸುಳಿ ಇವನ್ನು ಒಂದೊಂದಾಗಿ ಪರೀಕ್ಷಿಸುತ್ತಾನೆ. ಕಡೆಗೆ ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ. ಬಣ್ಣವೂ ಅವನ ಲೆಕ್ಕದಲ್ಲಿ ಉಂಟು. ಬೂದುಬಣ್ಣದ ಹಳ್ಳಿಕಾರ್, ಅದಕ್ಕಿಂತ ಕಪ್ಪೇರಿದ ಆಲಂಬಾಡಿ, ಕೆಂಪಿನ ಮೇಲೆ ಬಿಳಿಯ ಮಚ್ಚೆಗಳುಳ್ಳ ಬರಗೂರು, ಇವುಗಳಲ್ಲಿ ಯಾವುದು ಯಾವ ತಳಿಯೆಂಬುದನ್ನು ಆತ ಬಣ್ಣದಿಂದಲೇ ಅರ್ಧ ತಿಳಿದುಕೊಳ್ಳುತ್ತಾನೆ. ಹಾಗೆಯೇ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವನು ಒಂದು ಹಿಡಿ ಗೂಡನ್ನು ಎತ್ತಿ, ಬಣ್ಣ ನೋಡಿ, ಅಮುಕಿ ನೋಡಿ, ಕಿವಿಯ ಬಳಿ ಅಲುಗಿಸಿ, ಬೆಲೆಯನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳುತ್ತಾನೆ. ಈ ಇಬ್ಬರೂ ಮಾಡುವ ಕೆಲಸಕ್ಕೆ ತೀರ್ಪು ಎಂದೇ ಹೆಸರು.

ಇಂದಿನ ವಿಷಯವೂ ತೀರ್ಪಿನದೇ. ಆದರೆ ಎತ್ತಿನದಲ್ಲ, ಅಂಗೈಯಲ್ಲಿ ಅಡಗುವ ಒಂದು ಹಕ್ಕಿಯದು. ನಮ್ಮ ಪೇಟೆಗಳಲ್ಲಿ ಜೋಡಿಯ ಲೆಕ್ಕದಲ್ಲಿ ಮಾರಾಟವಾಗುವ, ಹಸಿರು, ನೀಲಿ, ಹಳದಿ, ಬಿಳಿ ಬಣ್ಣಗಳ ಪುಟ್ಟ ಗಿಳಿಗಳನ್ನು ಎಲ್ಲರೂ ನೋಡಿದ್ದೇವೆ. ಜನರು ಇವನ್ನು ಲವ್ ಬರ್ಡ್ಸ್ ಎಂದು ಕರೆಯುತ್ತಾರೆ. ಇದು ತಪ್ಪು ಹೆಸರು. ಆ ಹೆಸರಿಗೆ ನಿಜವಾಗಿ ತಕ್ಕವು ಆಫ್ರಿಕಾ ಖಂಡದ, ಗಿಡ್ಡ ಬಾಲದ, ಬೇರೊಂದು ಕುಲದ ಗಿಳಿಗಳು. ನಮ್ಮ ಅಂಗಡಿಯ ಹಕ್ಕಿಯ ಹೆಸರು ಬಜರಿಗಾರ್. ಇದರ ತೌರು ಆಸ್ಟ್ರೇಲಿಯದ ಒಳನಾಡಿನ ಒಣ ಬಯಲು. ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞನು ಇದನ್ನು 1805ರಲ್ಲಿ ಮೊದಲು ವರ್ಣಿಸಿದನು. ಪಕ್ಷಿಶಾಸ್ತ್ರಜ್ಞನಾದ ಜಾನ್ ಗೂಲ್ಡನು 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದನು. ಕಾಡಿನಲ್ಲಿ ಈ ಹಕ್ಕಿಗೆ ಇರುವುದು ಒಂದೇ ಬಣ್ಣ: ಹುಲ್ಲುಹಸಿರಿನ ಮೈ, ಹಳದಿಯ ಮೊಗ, ತಲೆಯ ಹಿಂಭಾಗದಿಂದ ರೆಕ್ಕೆಯವರೆಗೆ ಅಲೆಯಲೆಯಾದ ಕಪ್ಪು ಗೆರೆ. ಉದ್ದ ಸುಮಾರು 18 ಸೆಂಟಿಮೀಟರು, ತೂಕ 30ರಿಂದ 40 ಗ್ರಾಂ. ಮಳೆ ಬಿದ್ದ ಕಡೆಗೆ, ಹುಲ್ಲುಬೀಜ ಮಾಗಿದ ಕಡೆಗೆ, ಸಾವಿರಾರು ಹಕ್ಕಿಗಳು ಒಂದೇ ಹಿಂಡಾಗಿ ಹಾರಿಹೋಗುವುದು ಇವುಗಳ ಸ್ವಭಾವ.

ಒಂದೇ ಬಣ್ಣದ ಹಕ್ಕಿಯಿಂದ ಇಷ್ಟು ಬಣ್ಣಗಳು ಹೇಗೆ ಬಂದುವು ಎಂಬುದನ್ನು ತಿಳಿಯದೆ ತೀರ್ಪನ್ನು ತಿಳಿಯಲಾಗದು. ಬಜರಿಗಾರಿನ ಗರಿಯಲ್ಲಿ ಹಸಿರು ಎಂಬ ಬಣ್ಣದ ಪದಾರ್ಥವೇ ಇಲ್ಲ. ಅಲ್ಲಿರುವುದು ಹಳದಿಯ ಪದಾರ್ಥ ಒಂದು, ಕಪ್ಪಿನ ಪದಾರ್ಥ ಒಂದು. ಇವೆರಡರ ನಡುವೆ ಗರಿಯ ಎಳೆಗಳಲ್ಲಿ ಅತಿ ಸೂಕ್ಷ್ಮವಾದ ರಂಧ್ರಮಯ ರಚನೆಯೊಂದಿದ್ದು, ಅದು ಬೆಳಕಿನ ನೀಲಿಯ ಭಾಗವನ್ನು ಮಾತ್ರ ನಮ್ಮ ಕಡೆಗೆ ಚೆದುರಿಸಿ ಕಳುಹಿಸುತ್ತದೆ. ಯಳಂದೂರಿನ ಬಯಲಿನಿಂದ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತದೆಯಷ್ಟೆ. ಬೆಟ್ಟವನ್ನು ಹತ್ತಿದವನಿಗೆ ಅಲ್ಲಿ ನೀಲಿಯ ಕಲ್ಲಾಗಲಿ ನೀಲಿಯ ಮಣ್ಣಾಗಲಿ ಸಿಗುವುದಿಲ್ಲ. ಗರಿಯ ನೀಲಿಯೂ ಹಾಗೆಯೇ ಬೆಳಕಿನ ಆಟ, ಆದರೆ ಅದನ್ನು ಆಡಿಸುವುದು ಗಾಳಿಯಲ್ಲ, ಗರಿಯ ಒಳಗಿನ ಕಟ್ಟಡ. ನೀಲಿಯ ಗರಿಯನ್ನು ಅರೆದು ಪುಡಿಮಾಡಿದರೆ ನೀಲಿಯು ಮಾಯವಾಗುತ್ತದೆ. ಈ ನೀಲಿಯ ಮೇಲೆ ಹಳದಿಯು ಹರಡಿದಾಗ ನಮ್ಮ ಕಣ್ಣಿಗೆ ಹಸಿರು ತೋರುತ್ತದೆ. ಹಳದಿಯನ್ನು ಕಳೆದರೆ ಉಳಿಯುವುದು ನೀಲಿಯ ಹಕ್ಕಿ. ಕಪ್ಪನ್ನು ಕಳೆದರೆ ನೀಲಿಯೂ ಹೊಳೆಯದೆ ಹಳದಿಯ ಹಕ್ಕಿ. ಎರಡನ್ನೂ ಕಳೆದರೆ ಬಿಳಿಯ ಹಕ್ಕಿ. ಪಂಜರದಲ್ಲಿ ಸಾಕಿದ ಹಕ್ಕಿಗಳಲ್ಲಿ ಇಂಥ ಕಳೆತಗಳು ಆಕಸ್ಮಿಕವಾಗಿ ಹುಟ್ಟಿದುವು. ಹಳದಿಯೂ ನೀಲಿಯೂ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಲ್ಜಿಯಂ ದೇಶದಲ್ಲಿ ಕಾಣಿಸಿಕೊಂಡುವು. ಸಾಕುವವರು ಅವನ್ನು ಕಾಪಾಡಿ ತಳಿಯಾಗಿ ನಿಲ್ಲಿಸಿದರು. 1920ರ ದಶಕದಲ್ಲಿ ಜಪಾನಿನವರು ನೀಲಿಯ ಹಕ್ಕಿಗೆ ಅತಿಯಾದ ಬೆಲೆ ತೆತ್ತು ಕೊಂಡರು. ಇಂಗ್ಲೆಂಡಿನಲ್ಲಿ ಈ ಹಕ್ಕಿಯ ಸಾಕಣೆಗಾರರ ಸಂಘವು 1925ರಲ್ಲಿ ಸ್ಥಾಪಿತವಾಯಿತು. ಪ್ರದರ್ಶನದ ನಿಯಮಗಳು ಅಲ್ಲಿಂದ ಮುಂದೆ ಕ್ರಮವಾಗಿ ಬೆಳೆದುವು.

ಬಣ್ಣದ ಆನುವಂಶಿಕತೆಯಲ್ಲಿ ಮೂರು ಸಂಗತಿಗಳನ್ನು ನೆನಪಿಟ್ಟರೆ ಸಾಕು. ಮೊದಲನೆಯದು, ಹಸಿರು ನೀಲಿಯನ್ನು ಮರೆಸುತ್ತದೆ. ಮರಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ವಂಶವಾಹಿ ಬರುತ್ತದೆ. ಎರಡೂ ನೀಲಿಯವಾದರೆ ಮಾತ್ರ ಮರಿ ನೀಲಿ. ಆದುದರಿಂದ ಒಳಗೆ ನೀಲಿಯನ್ನು ಅಡಗಿಸಿಕೊಂಡ ಎರಡು ಹಸಿರು ಹಕ್ಕಿಗಳಿಗೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ನೀಲಿಯಾಗುತ್ತದೆ. ಈ ನೀಲಿಯ ಗುಟ್ಟು 2017ರಲ್ಲಿ ಪೂರ್ತಿಯಾಗಿ ಬಯಲಾಯಿತು: ಹಳದಿಯನ್ನು ತಯಾರಿಸುವ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲವು ಬದಲಾದುದರಿಂದ ಹಳದಿಯ ತಯಾರಿಕೆ ನಿಂತುಹೋಗುತ್ತದೆ. ಎರಡನೆಯದು, ಗಾಢತೆಯ ವಂಶವಾಹಿ. ಅದು ಇಲ್ಲದಿದ್ದರೆ ತಿಳಿಹಸಿರು, ಒಂದಿದ್ದರೆ ಕಡುಹಸಿರು, ಎರಡಿದ್ದರೆ ಆಲಿವ್ ಹಸಿರು. ನೀಲಿಯ ಸಾಲಿನಲ್ಲಿ ಇದೇ ಮೂರು ಮೆಟ್ಟಲುಗಳಿಗೆ ಆಕಾಶನೀಲಿ, ಕೋಬಾಲ್ಟ್, ಮೋವ್ ಎಂಬ ಹೆಸರುಗಳು. ಮೂರನೆಯದು, ಕೆಲವು ಬಣ್ಣಗಳು ಲಿಂಗಕ್ಕೆ ಕಟ್ಟುಬಿದ್ದಿವೆ. ಕಪ್ಪು ಗೆರೆಗಳು ಕಂದಾಗುವ ಸಿನಮನ್, ಬೆನ್ನಿನ ಗೆರೆಗಳು ಅಳಿಸಿ ಮೈಬಣ್ಣ ಹರಡುವ ಓಪಲೈನ್, ಕೆಂಪು ಕಣ್ಣಿನ ಹಳದಿಯಾದ ಲ್ಯುಟಿನೊ, ಇವು ಈ ವರ್ಗದವು. ಹೆಣ್ಣಿನಲ್ಲಿ ಇಂಥ ಬಣ್ಣವು ಅಡಗಿರಲಾರದು. ಇದ್ದರೆ ಹೊರಗೆ ಕಾಣಲೇಬೇಕು. ಜರ್ಮನಿಯ ಬ್ರೆಮೆನ್ ನಗರದ ಹಾನ್ಸ್ ಡುಂಕರನು 1920ರ ದಶಕದಲ್ಲಿ ಈ ಹಕ್ಕಿಗಳ ಬಣ್ಣದ ಆನುವಂಶಿಕತೆಯನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡಿದವರಲ್ಲಿ ಮುಖ್ಯನು.

ಇನ್ನು ಪ್ರದರ್ಶನಕ್ಕೆ ಬರೋಣ. ಪ್ರತಿಯೊಂದು ಹಕ್ಕಿಯನ್ನೂ ಒಂದೇ ಅಳತೆಯ, ಹೊರಗೆ ಕಪ್ಪು ಒಳಗೆ ಬಿಳಿ ಬಳಿದ ಪಂಜರದಲ್ಲಿ ಇಡುತ್ತಾರೆ. ಒಳಗೆ ಎರಡು ಅಡ್ಡಕಡ್ಡಿಗಳು, ಮುಂದೆ ತಂತಿ. ಪಂಜರದ ಮೇಲೆ ಒಡೆಯನ ಹೆಸರಿರಕೂಡದು. ಸಂಖ್ಯೆಯ ಚೀಟಿ ಮಾತ್ರ. ಪಂಜರದ ಅಂದಕ್ಕೂ ಒಡೆಯನ ಅಂತಸ್ತಿಗೂ ಬಹುಮಾನ ಹೋಗದಿರಲೆಂದೇ ಈ ಕಟ್ಟಳೆ. ಹಕ್ಕಿಯ ಕಾಲಿನಲ್ಲಿ ಹುಟ್ಟಿದ ವರ್ಷವನ್ನೂ ಸಾಕಿದವನ ಗುರುತನ್ನೂ ಕೆತ್ತಿದ ಬೆಸುಗೆಯಿಲ್ಲದ ಬಳೆಯಿರುತ್ತದೆ. ಮರಿಗೆ ಸುಮಾರು ಒಂದು ವಾರವಾದಾಗ, ಬೆರಳುಗಳು ಇನ್ನೂ ಮೆತ್ತಗಿರುವಾಗಲೇ ಇದನ್ನು ತೊಡಿಸಬೇಕು. ಕಾಲು ಬಲಿತ ಮೇಲೆ ತೊಡಿಸಲೂ ಆಗದು, ತೆಗೆಯಲೂ ಆಗದು. ಆದುದರಿಂದ ಈ ಬಳೆಯೇ ಹಕ್ಕಿಯ ಜಾತಕ.

ಹಕ್ಕಿಗಳನ್ನು ಬಣ್ಣದ ಪ್ರಕಾರ, ಗಂಡು ಹೆಣ್ಣುಗಳ ಪ್ರಕಾರ, ವಯಸ್ಸಿನ ಪ್ರಕಾರ ತರಗತಿಗಳಾಗಿ ವಿಂಗಡಿಸುತ್ತಾರೆ. ತೀರ್ಪುಗಾರನ ಮೊದಲನೆಯ ಕೆಲಸವೆಂದರೆ ಹಕ್ಕಿಯು ತನ್ನ ತರಗತಿಗೆ ಸೇರಿದುದೇ ಅಲ್ಲವೇ ಎಂಬುದನ್ನು ನೋಡುವುದು. ಎಷ್ಟೇ ಚೆಲುವಾದ ಹಕ್ಕಿಯಾದರೂ ತಪ್ಪು ತರಗತಿಯಲ್ಲಿ ನಿಂತರೆ ಅದಕ್ಕೆ ಬಹುಮಾನವಿಲ್ಲ. ಇದು ಕೇಳುವಷ್ಟು ಸುಲಭವಲ್ಲ. ಆಲಿವ್ ಹಸಿರಿನ ಹಕ್ಕಿಯೂ ಬೂದುಹಸಿರಿನ ಹಕ್ಕಿಯೂ ಮೈಬಣ್ಣದಲ್ಲಿ ಒಂದನ್ನೊಂದು ಬಹಳ ಹೋಲುತ್ತವೆ. ಬಲ್ಲವನು ಮೈಯನ್ನು ಬಿಟ್ಟು ಕೆನ್ನೆಯನ್ನು ನೋಡುತ್ತಾನೆ. ಆಲಿವಿನ ಕೆನ್ನೆಯ ಮಚ್ಚೆ ನೇರಳೆ. ಬೂದುಹಸಿರಿನದು ಬೂದು, ಅದರ ಬಾಲವೂ ಕಪ್ಪು. ಹಾಗೆಯೇ ಗಂಡುಹೆಣ್ಣುಗಳ ಗುರುತು ಮೂಗಿನ ಬುಡದ ಮೇಣದಂಥ ಪೊರೆಯಲ್ಲಿದೆ. ಬಲಿತ ಗಂಡಿನಲ್ಲಿ ಅದು ನೀಲಿ, ಹೆಣ್ಣಿನಲ್ಲಿ ಕಂದು. ಆದರೆ ಲ್ಯುಟಿನೊ, ಆಲ್ಬಿನೊ ಗಂಡುಗಳಲ್ಲಿ ಅದು ನೀಲಿಗೆ ತಿರುಗದೆ ನಸುಗೆಂಪಾಗಿಯೋ ನೇರಳೆಯಾಗಿಯೋ ನಿಲ್ಲುತ್ತದೆ. ಹಣೆಯ ಗೆರೆಗಳು ಮೂಗಿನ ಪೊರೆಯವರೆಗೂ ಇಳಿದಿದ್ದರೆ ಹಕ್ಕಿ ಇನ್ನೂ ಎಳೆಯದು; ಮೂರು ನಾಲ್ಕು ತಿಂಗಳಲ್ಲಿ ಮೊದಲ ಗರಿ ಕಳಚಿದಾಗ ಹಣೆ ತೆರವಾಗುತ್ತದೆ.

ಎರಡನೆಯದು ಆರೋಗ್ಯ ಮತ್ತು ಗರಿಯ ಸ್ಥಿತಿ. ಗರಿ ಕಳಚುತ್ತಿರುವ, ಬಾಲವಿಲ್ಲದ, ಮಂಕಾದ ಹಕ್ಕಿಯನ್ನು ಅದರ ವಂಶ ಎಷ್ಟು ದೊಡ್ಡದಾದರೂ ಹಿಂದಕ್ಕೆ ಸರಿಸತಕ್ಕದ್ದು. ಮೂರನೆಯದು ಆಕಾರ. ಪ್ರದರ್ಶನದ ಆದರ್ಶ ಹಕ್ಕಿ ತಲೆಯ ನೆತ್ತಿಯಿಂದ ಬಾಲದ ತುದಿಗೆ 216 ಮಿಲಿಮೀಟರು, ಎಂದರೆ ಎಂಟೂವರೆ ಅಂಗುಲ, ಇರಬೇಕು. ತಲೆ ದೊಡ್ಡದಾಗಿ, ಅಗಲವಾಗಿ, ಎತ್ತ ಕಡೆಯಿಂದ ನೋಡಿದರೂ ಗುಂಡಾಗಿರಬೇಕು. ಎದೆ ತುಂಬಿ ಬಾಲದ ಕಡೆಗೆ ಸಣ್ಣಗಾಗುತ್ತ ಹೋಗಬೇಕು. ಅಡ್ಡಕಡ್ಡಿಯ ಮೇಲೆ ನೆಟ್ಟಗಿನ ಗೆರೆಯಿಂದ 30 ಡಿಗ್ರಿಯಷ್ಟು ವಾಲಿ, ಅಂಜದೆ ನಿಲ್ಲಬೇಕು. ಕುಕ್ಕುರಿಸಿ ಕುಳಿತ ಹಕ್ಕಿಗೆ ಅಂಕವಿಲ್ಲ. ನಾಲ್ಕನೆಯದು ಮೊಗ ಮತ್ತು ಕೊರಳ ಮಣಿಗಳು. ಸಾಮಾನ್ಯ ತಿಳಿಹಸಿರಿನ ಹಕ್ಕಿಯಲ್ಲಿ ಮೊಗವು ಅಚ್ಚ ಹಳದಿ. ಅದರ ಕೆಳ ಅಂಚಿನಲ್ಲಿ ಒಂದೇ ಅಂತರದ ಆರು ದುಂಡು ಕರಿಮಣಿಗಳು. ಹೊರಗಿನ ಎರಡನ್ನು ಕೆನ್ನೆಯ ಮಚ್ಚೆಗಳು ಅರೆಮುಚ್ಚಿರಬೇಕು. ಒಂದು ಮಣಿ ಉದುರಿದ್ದರೂ ಅದು ಎಣಿಕೆಗೆ ಬರುವ ಕುಂದು. ಆದುದರಿಂದಲೇ ಸಾಕುವವನು ಪ್ರದರ್ಶನಕ್ಕೆ ಮುಂಚೆ ಹೆಚ್ಚಾದ ಮಣಿಗಳನ್ನು ಚಿಮುಟದಿಂದ ಕಿತ್ತು ಆರನ್ನು ಮಾತ್ರ ಉಳಿಸುವುದುಂಟು. ಇದು ನಿಯಮಕ್ಕೆ ಒಪ್ಪಿದ ಅಲಂಕಾರ. ಬಣ್ಣ ಹಚ್ಚುವುದಾದರೋ ಮೋಸ. ಅದು ಕಂಡುಬಂದರೆ ಹಕ್ಕಿಯನ್ನು ಹೊರಗಿಡುತ್ತಾರೆ.

ಐದನೆಯದು ಬಣ್ಣ. ಬಣ್ಣವೆಂದರೆ ಹೊಳಪಲ್ಲ, ಸಮತೆ. ತಿಳಿಹಸಿರಾದರೆ ಎದೆಯಿಂದ ಬಾಲದ ಬುಡದವರೆಗೆ, ಬೆನ್ನಿನ ಕೆಳಭಾಗದವರೆಗೆ, ಒಂದೇ ಹದದ ಹಸಿರಿರಬೇಕು. ನಡುನಡುವೆ ಮಾಸಲು ತೇಪೆಗಳಿರಕೂಡದು. ಓಪಲೈನಿನಲ್ಲಿ ಎರಡು ರೆಕ್ಕೆಗಳ ನಡುವಣ ಬೆನ್ನು ಗೆರೆಯಿಲ್ಲದೆ ತಿಳಿಯಾಗಿರಬೇಕು. ಸಿನಮನ್ನಿನಲ್ಲಿ ಗೆರೆಗಳು ಕಂದಾಗಿರಬೇಕು, ಕಪ್ಪಿನ ಛಾಯೆ ಇರಬಾರದು. ಲ್ಯುಟಿನೊವಿನ ಹಳದಿಯಲ್ಲಿ ಹಸಿರಿನ ಸೋಂಕಿರಬಾರದು. ಆಲ್ಬಿನೊವಿನ ಬಿಳಿಯಲ್ಲಿ ನೀಲಿಯ ನೆರಳಿರಬಾರದು. ಇವೆರಡಕ್ಕೂ ಕೊರಳ ಮಣಿಗಳೇ ಇಲ್ಲದುದರಿಂದ ಇಂಥ ಬಣ್ಣಗಳಲ್ಲಿ ಮಣಿಯ ಪಾಲಿನ ತೂಕವೂ ಬಣ್ಣದ ಮೇಲೆಯೇ ಬೀಳುತ್ತದೆ. ನಾವು ಹಳ್ಳಿಕಾರಿನಲ್ಲಿ ಹುಡುಕುವ ಬಣ್ಣವನ್ನು ಬರಗೂರಿನಲ್ಲಿ ಹುಡುಕುವುದಿಲ್ಲ. ಒಂದರ ಗುಣ ಮತ್ತೊಂದರ ದೋಷ. ಹಕ್ಕಿಯ ಬಣ್ಣಗಳಿಗೂ ಈ ನ್ಯಾಯವೇ ಸಲ್ಲುತ್ತದೆ.

ಬಣ್ಣವನ್ನು ನೋಡುವುದಕ್ಕೆ ಬೆಳಕು ಸರಿಯಿರಬೇಕು. ಹಳದಿಯ ದೀಪದ ಕೆಳಗೆ ಆಲ್ಬಿನೊವಿನ ನೀಲಿಯ ನೆರಳು ಮರೆಯಾದೀತು, ಕೋಬಾಲ್ಟಿಗೂ ಮೋವಿಗೂ ಇರುವ ಅಂತರ ಕುಗ್ಗೀತು. ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಕೊಳ್ಳುವ ಹೆಂಗಸರು ಅಂಗಡಿಯ ದೀಪವನ್ನು ನಂಬದೆ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುವುದು ಈ ಕಾರಣದಿಂದಲೇ. ತೀರ್ಪುಗಾರನು ಹಗಲಿನ ಬೆಳಕನ್ನೋ ಅದಕ್ಕೆ ಸಮನಾದ ಬಿಳಿಯ ಬೆಳಕನ್ನೋ ಅವಲಂಬಿಸಬೇಕು. ಅವಸರವೂ ಕೂಡದು. ಪಂಜರವನ್ನು ಎತ್ತಿಟ್ಟೊಡನೆ ಹಕ್ಕಿ ಗರಿಯನ್ನು ಮೈಗೆ ಬಿಗಿದುಕೊಳ್ಳುತ್ತದೆ. ಆಗ ದೊಡ್ಡ ಹಕ್ಕಿಯೂ ಬಡಕಲಾಗಿ ಕಾಣುತ್ತದೆ. ಅದು ಮೈಮರೆತು ನಿಲ್ಲುವವರೆಗೆ ಕಾಯಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಡುಹಸಿರಿನ ತರಗತಿಯಲ್ಲಿ ಎರಡು ಹಕ್ಕಿಗಳು ಉಳಿದಿವೆ. ಒಂದರ ತಲೆ ಭವ್ಯ, ಮೈ ದೊಡ್ಡದು, ಆದರೆ ಎದೆಯ ಬಣ್ಣ ತೇಪೆತೇಪೆ. ಇನ್ನೊಂದರ ಬಣ್ಣ ನೆಯ್ದ ಬಟ್ಟೆಯಂತೆ ಸಮ, ಆರು ಮಣಿಗಳೂ ಅಚ್ಚುಕಟ್ಟು, ಆದರೆ ತಲೆ ಸ್ವಲ್ಪ ಕಿರಿದು. ಯಾವುದಕ್ಕೆ ಮೊದಲ ಬಹುಮಾನ? ಅಂಕಗಳನ್ನು ಕೂಡಿಸಿ ಕಳೆದು ನೋಡಿದರೆ ಆಕಾರದ ಪಾಲು ದೊಡ್ಡದಾದುದರಿಂದ ಮೊದಲನೆಯದೇ ಗೆಲ್ಲುವುದು ಸಾಮಾನ್ಯ. ಆದರೆ ಈ ತರಗತಿಯನ್ನು ಏರ್ಪಡಿಸಿದುದೇ ಬಣ್ಣಕ್ಕಾಗಿ. ಬಣ್ಣ ಕೆಟ್ಟ ಹಕ್ಕಿಗೆ ಬಣ್ಣದ ತರಗತಿಯ ಪಟ್ಟ ಕಟ್ಟಿದರೆ ತರಗತಿಗೆ ಅರ್ಥವೇನು? ಹೀಗೆಂದು ವಾದಿಸುವವರೂ ಉಂಟು. ನನ್ನ ಮಟ್ಟಿಗೆ ಎರಡನೆಯ ವಾದವೇ ಸರಿ. ತರಗತಿಯೊಳಗೆ ಬಣ್ಣವನ್ನು ಮುಂದಿಡಬೇಕು. ಎಲ್ಲ ತರಗತಿಗಳ ಗೆದ್ದ ಹಕ್ಕಿಗಳು ಕಡೆಯಲ್ಲಿ ಎದುರೆದುರು ನಿಂತಾಗ ಆಕಾರವನ್ನು ಮುಂದಿಡಬಹುದು. ಯಾವ ಮಾರ್ಗವನ್ನು ಹಿಡಿದರೂ ಮೊದಲ ಪಂಜರದಿಂದ ಕೊನೆಯ ಪಂಜರದವರೆಗೆ ಅದನ್ನೇ ಹಿಡಿದು ನಡೆಯುವುದು, ಕೇಳಿದವರಿಗೆ ಕಾರಣವನ್ನು ಹೇಳಬಲ್ಲವನಾಗಿರುವುದು, ಇವೆರಡು ತೀರ್ಪುಗಾರನ ಧರ್ಮ.

ಇದೆಲ್ಲವೂ ಹವ್ಯಾಸಿಗಳ ವಿನೋದ, ಇದರಿಂದ ಯಾರಿಗೆ ಲಾಭ ಯಾರಿಗೆ ನಷ್ಟ ಎಂದು ಕೇಳಬಹುದು. ನಷ್ಟವು ಹಕ್ಕಿಗೆ ಆಗಬಹುದು. ತೀರ್ಪುಗಾರನು ಯಾವುದನ್ನು ಮೆಚ್ಚುತ್ತಾನೋ ಅದನ್ನೇ ಸಾಕುವವರು ಮುಂದಿನ ವರ್ಷ ಜೋಡಿಮಾಡುತ್ತಾರೆ. ಹತ್ತು ಇಪ್ಪತ್ತು ತಲೆಮಾರುಗಳಲ್ಲಿ ತಳಿಯ ರೂಪವೇ ತೀರ್ಪಿನಂತೆ ಆಗುತ್ತದೆ. ಕಾಡಿನ ಹಕ್ಕಿ 18 ಸೆಂಟಿಮೀಟರಿನದು, ಪ್ರದರ್ಶನದ ಆದರ್ಶ ಅದಕ್ಕಿಂತ ಮೂರೂವರೆ ಸೆಂಟಿಮೀಟರು ಹೆಚ್ಚು. ಈ ಹೆಚ್ಚಳ ಬಂದುದು ಹಾಗೆಯೇ. ತಲೆ ದೊಡ್ಡದಾಗಿ ಕಾಣಲೆಂದು ಉದ್ದನೆಯ ಒರಟು ಗರಿಗಳನ್ನು ಮೆಚ್ಚುತ್ತ ಹೋದುದರಿಂದ, ಹುಬ್ಬಿನ ಗರಿ ಕಣ್ಣನ್ನೇ ಮುಚ್ಚುವ ಹಕ್ಕಿಗಳು ಹುಟ್ಟಿದುವು. ಪ್ರದರ್ಶನದ ತಳಿಗಳಲ್ಲಿ ಗರಿಯ ಬೆಳವಣಿಗೆ ನಿಲ್ಲದೆಯೇ ಹೋಗುವ ಒಂದು ರೋಗವೂ ಕಂಡುಬಂದಿದೆ. ಅದರ ಮರಿ ಧೂಳು ಕೊಡವುವ ಪೊರಕೆಯಂತಾಗಿ, ಹಾರಲಾರದೆ, ಅಲ್ಪಕಾಲದಲ್ಲಿ ಸಾಯುತ್ತದೆ. ನಮ್ಮ ಎತ್ತಿನ ಜಾತ್ರೆಯಲ್ಲಿ ಈ ಅಪಾಯ ಕಡಿಮೆ. ಅಲ್ಲಿ ಕೊಳ್ಳುವವನು ನಾಳೆ ನೊಗ ಹೂಡಬೇಕು. ಕಾಲು ಕೆಟ್ಟ ಚೆಲುವ ಅವನಿಗೆ ಬೇಡ. ಪಂಜರದ ಹಕ್ಕಿಗೆ ನೊಗವಿಲ್ಲದುದರಿಂದ ಅದರ ಪರವಾಗಿ ಆ ಪ್ರಶ್ನೆಯನ್ನು ಕೇಳತಕ್ಕವನು ತೀರ್ಪುಗಾರನೊಬ್ಬನೇ: ಈ ಹಕ್ಕಿ ನೋಡಬಲ್ಲುದೆ, ಹಾರಬಲ್ಲುದೆ, ಮರಿಮಾಡಿ ಸಲಹಬಲ್ಲುದೆ?

ಮಾರುಕಟ್ಟೆಯೂ ಇಂಥದೇ ತೀರ್ಪುಗಾರ. ಹಸಿರು ಬೆರೆತ ಹಳದಿ ಗೂಡನ್ನು ಕಟ್ಟುವ ಹಳೆಯ ಮೈಸೂರು ರೇಷ್ಮೆಹುಳು ಗಟ್ಟಿಮುಟ್ಟಾದುದು. ಆದರೆ ಗೂಡು ಸಣ್ಣದು, ನೂಲು ಕಡಿಮೆ. ಹೆಚ್ಚು ನೂಲಿಗೆ ಬೆಲೆ ಬಂದಮೇಲೆ ಮಿಶ್ರತಳಿಯೂ ಬಿಳಿಯ ಗೂಡೂ ಮುಂದೆ ಬಂದುವು. ಹಳೆಯ ತಳಿಯನ್ನು ಈಗ ಮುಖ್ಯವಾಗಿ ಬಿತ್ತನೆಗಾಗಿ ಗೊತ್ತಾದ ಕೆಲವು ಪ್ರದೇಶಗಳಲ್ಲಿ ಸಾಕುತ್ತಾರೆ. ಬೇಡದ ತಳಿಯೆಂದು ಅದನ್ನು ಪೂರ್ತಿಯಾಗಿ ಕೈಬಿಟ್ಟಿದ್ದರೆ ಮಿಶ್ರತಳಿಗೆ ತಾಯಿಯೇ ಇರುತ್ತಿರಲಿಲ್ಲ.

ಹಕ್ಕಿಗಳು ತಮ್ಮತಮ್ಮೊಳಗೆ ಕೊಡುವ ತೀರ್ಪು ಬೇರೆ ಬಗೆಯದು. ಬಜರಿಗಾರಿನ ನೆತ್ತಿಯ ಮತ್ತು ಕೆನ್ನೆಯ ಕೆಲವು ಗರಿಗಳು ಅತಿನೇರಳೆ ಕಿರಣ ಬಿದ್ದಾಗ ಹಳದಿಯಾಗಿ ಮಿನುಗುತ್ತವೆಯೆಂದೂ, ಆ ಮಿನುಗನ್ನು ಮರೆಮಾಡಿದರೆ ಜೊತೆಗಾರರ ಒಲವು ಕುಗ್ಗುತ್ತದೆಯೆಂದೂ 2002ರಲ್ಲಿ ತಿಳಿದುಬಂದಿತು. ಆ ಕಿರಣಗಳನ್ನು ಹಕ್ಕಿ ಕಾಣಬಲ್ಲುದು, ನಾವು ಕಾಣಲಾರೆವು. 2019ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಮುಚ್ಚಿದ ಡಬ್ಬಿಯನ್ನು ತೆರೆದು ಕಾಳು ತೆಗೆಯಬಲ್ಲ ಗಂಡನ್ನು ಕಂಡ ಹೆಣ್ಣುಗಳು, ಮೊದಲು ತಾವು ಒಲಿದಿದ್ದ ಗಂಡನ್ನು ಬಿಟ್ಟು ಜಾಣನ ಕಡೆಗೆ ಒಲಿದುವು. ಹೆಣ್ಣು ಹಕ್ಕಿಗೆ ಬೇಕಾದುದು ಆರು ಮಣಿಗಳ ಅಂದವಷ್ಟೇ ಅಲ್ಲವೆಂದಾಯಿತು.

ಈ ಸೀಮೆಯವರಿಗೆ ಹೇಳಲೇಬೇಕಾದ ಮಾತೊಂದಿದೆ. ಬಜರಿಗಾರನ್ನು ಸಾಕಬಹುದೆಂದು ಊರ ಗಿಳಿಯನ್ನೂ ಸಾಕಬಹುದೆಂದು ತಿಳಿಯಬಾರದು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ, ಹನೂರಿನ ಹೊಲದಂಚಿನ ಮರದ ಪೊಟರೆಯಲ್ಲಿ ಗೂಡುಕಟ್ಟುವ ಗಿಳಿಗಳು ಕಾಡಿನ ಸೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ. ಪೇಟೆಗಳಲ್ಲಿ ಬಯಲಿನ ರಾಟವಾಳ ಹಕ್ಕಿಗಳಿಗೆ ಹಸಿರು ಕೆಂಪು ಬಣ್ಣ ಹಚ್ಚಿ ವಿದೇಶದ ಹಕ್ಕಿಯೆಂದು ಮಾರುವ ಮೋಸವೂ ಉಂಟು. ಮೇಲೆ ಹೇಳಿದ ಪರೀಕ್ಷೆಗಳನ್ನು ಬಲ್ಲವನು ಇಂಥ ಮೋಸಕ್ಕೆ ಸಿಕ್ಕನು: ಬಣ್ಣವು ಗರಿಯ ಬುಡದಿಂದ ಬಂದಿದೆಯೇ, ಕೆನ್ನೆಯ ಮಚ್ಚೆ ಮೈಬಣ್ಣಕ್ಕೆ ಹೊಂದುತ್ತದೆಯೇ, ಕಾಲಿನಲ್ಲಿ ಬೆಸುಗೆಯಿಲ್ಲದ ಬಳೆಯಿದೆಯೇ ಎಂದು ನೋಡಿದರೆ ಸತ್ಯ ಹೊರಬೀಳುತ್ತದೆ. ಸಾಕಿದ ಬಜರಿಗಾರನ್ನು ಪುಣ್ಯವೆಂದು ಬಯಲಿಗೆ ಬಿಡುವುದೂ ಸಲ್ಲದು. ಪಂಜರದಲ್ಲಿ ಹುಟ್ಟಿದ ಹಕ್ಕಿಗೆ ಹದ್ದಿನ ಅರಿವೂ ಇಲ್ಲ, ಮೇವನ್ನು ಹುಡುಕುವ ಅಭ್ಯಾಸವೂ ಇಲ್ಲ.

ಮನೆಯಲ್ಲಿ ಒಂದು ಜೋಡಿಯನ್ನು ಸಾಕಿರುವವರು ನಾಳೆಯ ಬೆಳಗ್ಗೆ ಪಂಜರವನ್ನು ಜಗುಲಿಯ ಬೆಳಕಿಗೆ ತಂದು ಕಾಲುಗಂಟೆ ಸುಮ್ಮನೆ ಕುಳಿತು ನೋಡಲಿ. ಹಕ್ಕಿ ನಿಲ್ಲುವ ಕೋನ, ಮೂಗಿನ ಪೊರೆಯ ಬಣ್ಣ, ಕೆನ್ನೆಯ ಮಚ್ಚೆ, ಕೊರಳ ಮಣಿ, ಬೆನ್ನಿನ ಗೆರೆ ಇವನ್ನು ಕ್ರಮವಾಗಿ ಗುರುತಿಸಿ ಬರೆದುಕೊಳ್ಳಲಿ. ಜೋಡಿಯು ಮರಿಮಾಡಿದಾಗ ಆ ಬರಹವನ್ನು ತೆಗೆದು ಮರಿಗಳ ಬಣ್ಣದೊಡನೆ ಹೋಲಿಸಿದರೆ, ಹಸಿರಿನೊಳಗೆ ಅಡಗಿದ್ದ ನೀಲಿ ಯಾವಾಗ ಹೇಗೆ ಹೊರಬಂದಿತೆಂಬುದು ಪುಸ್ತಕವಿಲ್ಲದೆಯೇ ತಿಳಿಯುತ್ತದೆ.